ಅಕ್ಕ ಕಟ್ಟಿದ ಪಾತ್ರ

ನನ್ನ ಅಕ್ಕ ತಾಳಮದ್ದಳೆಯಲ್ಲಿ ಯಾರ ಪಾತ್ರ ಮಾಡಿದರೂ ಆ ಪಾತ್ರಕ್ಕೆ ಮಹಾ ಬುದ್ಧಿವಂತೆಯಾದ ಒಬ್ಬಳು ಮಗಳು ಇದ್ದೇ ಇರುತ್ತಾಳೆ. ಋಷಿಯಾದರೂ ಅಷ್ಟೆ, ರಾಕ್ಷಸನಾದರೂ ಅಷ್ಟೆ. ಒಮ್ಮೆ ಅವಳಿಗೆ ದಾರಿಗಳ್ಳರ ನಾಯಕನ ಪಾತ್ರ ಬಂದಿತ್ತು, ನಾಲ್ಕಾರು ಮಾತಿನ ಸಣ್ಣ ಪಾತ್ರ. ಕತ್ತಿ ಹಿರಿದು ದಾರಿಗೆ ಅಡ್ಡ ನಿಂತ ಆ ಕಳ್ಳ ದೋಚುವುದನ್ನು ಬಿಟ್ಟು, ತನ್ನ ಮಗಳು ಕತ್ತಲಿರುವಾಗಲೇ ಎದ್ದು ಓದಲು ಕೂರುವುದನ್ನು ವರ್ಣಿಸತೊಡಗಿದ. ದೋಚಿಸಿಕೊಳ್ಳಬೇಕಾಗಿದ್ದ ವ್ಯಾಪಾರಿ ನಾನು. ನನ್ನ ಗಂಟು ಯಾವಾಗ ಕಿತ್ತುಕೊಳ್ಳುತ್ತಾನೋ ಎಂದು ಕಾದು ಕಾದು ಕೊನೆಗೆ ನಾನೇ ಅದನ್ನು ಅವನ ಮುಂದೆ ಇಟ್ಟು ಎದ್ದುಬಂದೆ.

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ತಾಳಮದ್ದಳೆ ಎಂದರೆ ವೇಷವಿಲ್ಲದ, ಕುಣಿತವಿಲ್ಲದ ಯಕ್ಷಗಾನ. ಭಾಗವತರು ಪದ ಹಾಡುತ್ತಾರೆ, ಚೆಂಡೆ ಮದ್ದಳೆ ನುಡಿಯುತ್ತವೆ, ಎದುರುಬದುರು ಕೂತ ನಾವು ಪಾತ್ರಗಳಾಗಿ ಆ ಪದಕ್ಕೆ ಅರ್ಥ ಹೇಳುತ್ತೇವೆ. ಬರೆದಿಟ್ಟ ಸಂಭಾಷಣೆ ಇಲ್ಲ, ಮಾತು ಪೂರ್ತಿ ನಮ್ಮದೇ. ಆದರೆ ನಡೆಯುವ ಸಂಗತಿ ಮಾತ್ರ ಪದದ್ದು. ಪದದಲ್ಲಿ ಸೋತ ಎಂದಿದ್ದರೆ ಸೋಲಬೇಕು, ಸತ್ತ ಎಂದಿದ್ದರೆ ಸಾಯಬೇಕು. ಎಷ್ಟೇ ದೊಡ್ಡ ಮಾತುಗಾರರಾದರೂ ಬದುಕಿ ಉಳಿಯುವ ಹಾಗಿಲ್ಲ. ಬದಿಯಡ್ಕ ಪೇಟೆಯಲ್ಲಿ ಬಟ್ಟೆ ಅಂಗಡಿಯೊಂದರ ಮೇಲಿನ ಹಾಲ್‌ನಲ್ಲಿ ಭಾನುವಾರ ಮಧ್ಯಾಹ್ನ ಸೇರುವ ನಮ್ಮ ಮಹಿಳಾ ಸಂಘದ ಜಗಳಗಳೆಲ್ಲ ಹೆಚ್ಚುಕಡಿಮೆ ಈ ವಿಷಯಕ್ಕೇ ಆದವು. ನಮ್ಮಲ್ಲಿ ಯಾರಿಗೂ ಸಾಯಲು ಮನಸ್ಸಿರಲಿಲ್ಲ.

ಇದೊಂದು ಕಾಯಿಲೆ. ಪಾತ್ರದೊಳಗೆ ತಾವು ಹೋಗುವ ಬದಲು ಪಾತ್ರವನ್ನೇ ತಮ್ಮ ಮನೆಗೆ ಕರೆದುಕೊಂಡು ಬಂದು, ತಮ್ಮ ಸೀರೆ ಉಡಿಸಿ, ತಮಗಿಂತ ಸ್ವಲ್ಪ ಚಂದ ಮಾಡಿ ಕೂರಿಸುವ ಕಾಯಿಲೆ. ಸಂಘದಲ್ಲಿ ಎಚ್.ಎಂ. ಟೀಚರ್ ಎಂದು ನಾವು ಕರೆಯುವ ಒಬ್ಬರಿದ್ದಾರೆ, ಹತ್ತಿರದ ಒಂದು ಕನ್ನಡ ಶಾಲೆಯ ಮುಖ್ಯೋಪಾಧ್ಯಾಯಿನಿ. ಅವರು ಮಾಡಿದ ಯಾವ ರಾಜನೂ ಸೈನಿಕರನ್ನು ಸಾಲಾಗಿ ನಿಲ್ಲಿಸಿ ಉಗುರು ನೋಡದೆ ಯುದ್ಧಕ್ಕೆ ಹೊರಟದ್ದಿಲ್ಲ. ನಾನು ಪಂಚಾಯತು ಆಫೀಸಿನಲ್ಲಿ ಕ್ಲರ್ಕ್ ಆಗಿ ನಿವೃತ್ತಳಾದವಳು. ನಾನು ದೇವತೆಯ ಪಾತ್ರ ಮಾಡಿದರೆ ಆ ದೇವತೆ ವರ ಕೊಡುವ ಮೊದಲು ನಾಳೆ ಬನ್ನಿ ಎನ್ನುತ್ತದೆ ಎಂದು ಅಕ್ಕ ಹೇಳುತ್ತಾಳೆ. ಅದು ಅವಳ ಅಭಿಪ್ರಾಯ.

ಅಕ್ಕನ ವಿಷಯದಲ್ಲಿ ಕಾಯಿಲೆ ಹಾಲ್‌ನೊಳಗೇ ನಿಲ್ಲಲಿಲ್ಲ. ಅವಳ ಮನೆ ಬೋವಿಕಾನದಲ್ಲಿ. ಭಾವನಿಗೆ ಅಲ್ಲಿ ಪಂಪುಸೆಟ್ ರಿಪೇರಿಯ ಅಂಗಡಿ. ಮನೆಯಲ್ಲಿ ಮಾತಾಡುವ ಕೆಲಸವನ್ನು ಅವರು ಮದುವೆಯಾದ ಹೊಸತರಲ್ಲೇ ಅಕ್ಕನಿಗೆ ಬಿಟ್ಟುಕೊಟ್ಟಿದ್ದಾರೆ. ಅವರಿಗೆ ಒಬ್ಬಳೇ ಮಗಳು. ಅವಳ ಕುರಿತು ಅಕ್ಕ ಹೇಳುವುದನ್ನು ನಾನು ವರ್ಷಗಟ್ಟಲೆ ಕೇಳಿದ್ದೇನೆ. ಹುಡುಗಿ ಐದಕ್ಕೆ ಏಳುತ್ತಾಳೆ. ಫೋನು ಮುಟ್ಟುವುದಿಲ್ಲ. ಒಮ್ಮೆ ಕೇಳಿದ್ದನ್ನು ಮರೆಯುವುದಿಲ್ಲ. ನಾವು ಗಡಿನಾಡಿನ ಕನ್ನಡದವರು, ಆದರೂ ಅವಳು ಮಲಯಾಳ ಮಾತಾಡಿದರೆ ತಿರುವನಂತಪುರದವರೂ ನಮ್ಮವಳೇ ಎಂದುಕೊಳ್ಳುತ್ತಾರೆ.

ಹಾಗಾದರೆ ರಜೆಯಲ್ಲಿ ನನ್ನ ಮನೆಗೆ ಬಂದು ಉಳಿಯುತ್ತಿದ್ದವಳು ಬೇರೆ ಯಾರೋ ಇರಬೇಕು. ಅವಳು ಎಂಟೂವರೆಗೆ ಎದ್ದು, ಕಣ್ಣು ಬಿಡುವ ಮೊದಲು ಫೋನಿಗೆ ಕೈಹಾಕಿ, ನೋಡಿಕೋ ಎಂದು ಹೇಳಿಹೋದ ಹಾಲನ್ನು ಒಲೆಯ ತುಂಬ ಉಕ್ಕಿಸುತ್ತಿದ್ದಳು. ಮಲಯಾಳ ಅವಳಿಗೆ ಬಸ್ಸಿನ ಕಂಡಕ್ಟರ ಚಿಲ್ಲರೆ ಕೊಡದಿದ್ದಾಗ ಮಾತ್ರ ನೆಟ್ಟಗೆ ಬರುತ್ತಿತ್ತು. ನನಗೆ ಈ ಹುಡುಗಿ ಬಹಳ ಇಷ್ಟ. ಅಕ್ಕನ ಬಾಯಲ್ಲಿದ್ದವಳು ಎಂದಾದರೂ ಮನೆಗೆ ಬಂದಿದ್ದರೆ ಚಾ ಕೊಟ್ಟು ಬೇಗ ಕಳಿಸುತ್ತಿದ್ದೆ.

ಕಳೆದ ಮಳೆಗಾಲದ ಒಂದು ಮಧ್ಯಾಹ್ನ, ಬಿ.ಎಡ್. ಮುಗಿಸಿ ಮನೆಯಲ್ಲಿದ್ದ ಇವಳು ಬಸ್ಸು ಹತ್ತಿ ನನ್ನಲ್ಲಿಗೆ ಬಂದು, ತನಗೆ ಅರ್ಜೆಂಟಾಗಿ ಒಂದು ದೋಷ ಬೇಕು ಎಂದಳು. ಜಾತಕದ ವಿಷಯವೋ ಎಂದು ನಾನು ಗಾಬರಿಯಾದೆ. ಅಲ್ಲ, ಫೋನಿನ ವಿಷಯ. ಹತ್ತು ಹನ್ನೆರಡು ಹುಡುಗಿಯರ ಒಂದು ಗುಂಪು, ಮಂಗಳೂರಿನವರು, ಉಡುಪಿಯವರು, ಒಬ್ಬಳು ದುಬೈಯವಳು. ಒಬ್ಬರನ್ನೊಬ್ಬರು ನೋಡಿದ್ದಿಲ್ಲ. ಎಲ್ಲರಿಗೂ ಇಷ್ಟವಾದ ಟಿವಿ ಧಾರಾವಾಹಿಯ ಒಂದು ರಾಜ್ಯವನ್ನು ಎತ್ತಿಕೊಂಡು, ಅದರೊಳಗೆ ಒಬ್ಬೊಬ್ಬರು ತಮ್ಮದೇ ಒಂದು ಪಾತ್ರವನ್ನು ಬಿಟ್ಟು, ಆ ಪಾತ್ರವಾಗಿಯೇ ಮಾತಾಡುತ್ತಾ ಕಥೆ ಬೆಳೆಸುತ್ತಾರಂತೆ. ಬರೆದದ್ದು ಫ್ಯಾನ್ ಫಿಕ್ಷನ್, ಮಾತಾಡಿದ್ದು ರೋಲ್‌ಪ್ಲೇ. ಇದು ತಾಳಮದ್ದಳೆಯೇ ಅಲ್ಲವಾ, ಮದ್ದಳೆ ಒಂದು ಕಡಿಮೆ ಎಂದೆ. ಇರಬಹುದು ಎಂದಳು, ಮನಸ್ಸಿಲ್ಲದೆ. ತಾನು ಕಂಡುಹಿಡಿದ ಹೊಸ ಸಂಗತಿ ಚಿಕ್ಕಮ್ಮನಿಗೆ ಮೊದಲೇ ಗೊತ್ತಿದ್ದರೆ ಯಾರಿಗೆ ಖುಷಿಯಾಗುತ್ತದೆ.

ಇವಳು ಅಲ್ಲಿ ಬಿಟ್ಟ ಪಾತ್ರ ಆ ರಾಜ್ಯದ ವೈದ್ಯೆ. ಎಂಥ ವೈದ್ಯೆ ಅಂತೀರಿ. ಅವಳು ಮುಟ್ಟಿದರೆ ಗಾಯ ಮಾಯುತ್ತದೆ. ಕತ್ತಿವರಸೆಯಲ್ಲಿ ಸೇನಾಪತಿಯನ್ನು ಸೋಲಿಸುತ್ತಾಳೆ. ಏಳು ಭಾಷೆ ಬಲ್ಲಳು. ಹಾಡಿದರೆ ಜಿಂಕೆಗಳು ಬಂದು ನಿಲ್ಲುತ್ತವೆ. ರಾಜಕುಮಾರನಿಗೆ ಅವಳ ಮೇಲೆ ಮನಸ್ಸು, ಅವನ ತಮ್ಮನಿಗೂ ಮನಸ್ಸು, ಶತ್ರುರಾಜನಿಗೂ ಒಳಗೊಳಗೇ ಮನಸ್ಸು. ಗುಂಪಿನವರು ಕೆಲವು ತಿಂಗಳು ತಡೆದುಕೊಂಡರಂತೆ. ಆಮೇಲೆ ಮರ್ಯಾದೆಯಿಂದಲೇ ಬರೆದರು: ಶತ್ರು ಬಂದರೆ ಇವಳೇ ಓಡಿಸುತ್ತಾಳೆ, ಗಾಯವಾದರೆ ಇವಳೇ ಮದ್ದು ಹಚ್ಚುತ್ತಾಳೆ, ಅತ್ತರೆ ಇವಳೇ ಸಮಾಧಾನ ಮಾಡುತ್ತಾಳೆ. ಉಳಿದವರಿಗೆ ಚಪ್ಪಾಳೆ ತಟ್ಟುವುದು ಬಿಟ್ಟು ಬೇರೆ ಕೆಲಸವಿಲ್ಲ. ಒಂದು ಸರಿಯಾದ ದೋಷ ಕೊಡು, ಇಲ್ಲವಾದರೆ ಬೇರೆ ಗುಂಪು ನೋಡಿಕೋ.

ಬೇರೆ ಎಲ್ಲರನ್ನೂ ಬಿಟ್ಟು ನನ್ನಲ್ಲಿಗೆ ಯಾಕೆ ಬಂದೆ ಎಂದು ಕೇಳಿದೆ. ಸಂಘದಲ್ಲಿ ಯಾವಾಗಲೂ ಸೋಲುವ ಪಾತ್ರ ನಿಮಗೇ ಅಲ್ಲವಾ ಎಂದಳು. ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡೆ.

ಆ ವಾರದಲ್ಲಿ ಅವಳು ತಂದ ದೋಷಗಳನ್ನು ಕೇಳಬೇಕು ನೀವು. ಮೊದಲನೆಯದು, ವೈದ್ಯೆ ಎಲ್ಲರನ್ನೂ ಬೇಗ ನಂಬಿಬಿಡುತ್ತಾಳೆ. ಆಮೇಲೆ, ಬೇರೆಯವರಿಗೆ ಬಡಿಸುತ್ತಾ ತಾನು ಉಣ್ಣಲು ಮರೆಯುತ್ತಾಳೆ. ಆಮೇಲೆ, ಕೆನ್ನೆಯ ಮೇಲೆ ಒಂದು ಗಾಯದ ಗುರುತು, ಅದರಿಂದ ಚಂದ ಇನ್ನೂ ಹೆಚ್ಚಾಗಿದೆ. ನನಗೆ ಸಿಟ್ಟು ನೆತ್ತಿಗೇರಿತು. ಇದು ದೋಷವಲ್ಲ ಮಾರಾಯ್ತಿ, ಸಂಬಂಧ ತರುವವರು ಹುಡುಗನ ಮನೆಯಲ್ಲಿ ಹೇಳುವ ಮಾತು ಎಂದೆ. ಸರಿ, ಅವಳನ್ನು ಜಗಳಗಂಟಿ ಮಾಡು. ಅನ್ಯಾಯ ಕಂಡರೆ ಮಾತ್ರ ಜಗಳ ಎಂದಳು. ಸುಳ್ಳು ಹೇಳಲಿ. ಬೇರೆಯವರ ಪ್ರಾಣ ಉಳಿಸಲು ಎಂದಳು. ಹೋಗಲಿ, ಅಡಿಗೆಯಾದರೂ ಬಾಯಿಗೆ ಇಡಲಾರದ ಹಾಗೆ ಮಾಡಲಿ. ಅದಕ್ಕೆ ಬಹಳ ಹೊತ್ತು ಯೋಚಿಸಿ, ಮಾಡಬಹುದು, ಆದರೆ ರಾಜಕುಮಾರನಿಗೆ ಅವಳ ಅಡಿಗೆಯೇ ಇಷ್ಟ ಎಂದಳು. ದೇವರೇ.

ಕೊನೆಗೆ ಒಂದು ದಿನ, ಸಂಘದಲ್ಲಿ ಹೊಸಬರಿಗೆ ಹೇಳುವುದನ್ನೇ ಇವಳಿಗೂ ಹೇಳಿದೆ. ನಿನ್ನ ವೈದ್ಯೆಗೆ ಬೇಕೇ ಬೇಕಾದ ಒಂದು ಸಂಗತಿ ಇರಲಿ. ಅದು ಅವಳಿಗೆ ಸಿಗದೆ ಹೋಗಲಿ. ಮಂತ್ರಿಯ ಮೋಸದಿಂದ ಅಲ್ಲ, ಮಳೆ ಬಂದದ್ದರಿಂದ ಅಲ್ಲ, ಅವಳಿಗೆ ಅಷ್ಟು ಬಾರದೆ ಇದ್ದದ್ದರಿಂದ. ಆಮೇಲೆ ಅವಳು ಬಂದು ಅದನ್ನು ತನ್ನ ಬಾಯಿಂದ ಹೇಳಲಿ.

ಅವಳು ಸೋಫಾದ ಬಟ್ಟೆಯ ನೂಲು ಕೀಳತೊಡಗಿದಳು. ನನಗೆ ಆ ಬಟ್ಟೆಯ ಚಿಂತೆ.

"ಹೇಳಿ ಆದ ಮೇಲೆ ಎಂತ ಆಗ್ತದೆ ಚಿಕ್ಕಮ್ಮ?" ಎಂದು ಕೇಳಿದಳು. "ಅಲ್ಲಿಂದ ಮುಂದೆ ನನಗೆ ಗೊತ್ತಿಲ್ಲ. ನಮ್ಮ ಮನೆಯಲ್ಲಿ ಅದು ಆಗಿಯೇ ಇಲ್ಲ."

ಆಮೇಲೆ ಎಲ್ಲ ಹೊರಗೆ ಬಂತು. ಶಾಲೆಯಲ್ಲಿ ಕಲಿಸಬೇಕಾದರೆ ಬಿ.ಎಡ್. ಆದ ಮೇಲೆ ಅರ್ಹತಾ ಪರೀಕ್ಷೆ ಎಂಬುದೊಂದನ್ನು ಪಾಸಾಗಬೇಕು. ಇವಳು ಅದನ್ನು ಎರಡು ಸಲ ಬರೆದು ಎರಡು ಸಲವೂ ಫೇಲಾಗಿದ್ದಳು. ಎರಡನೆಯ ಸಲದ ಫಲಿತಾಂಶವನ್ನು ಫೋನಿನಲ್ಲಿ ನೋಡಿದ ಕೂಡಲೇ ಅಡಿಗೆಮನೆಗೆ ಹೋಗಿ ಅಮ್ಮನಿಗೆ ಹೇಳಿದಳಂತೆ. ಅಕ್ಕ ಮೊದಲು ಕಿಟಕಿ ಮುಚ್ಚಿದಳು. ಆಮೇಲೆ, ಇದು ನಮ್ಮೊಳಗೇ ಇರಲಿ ಎಂದಳು. ಆ ಭಾನುವಾರ ಸಂಘಕ್ಕೆ ಒಂದು ಡಬ್ಬಿ ಲಾಡು ತಂದು, ಮಗಳು ಪಾಸಾದಳೆಂದು ಹಂಚಿದಳು. ಅದರಲ್ಲಿ ಎರಡು ಲಾಡು ತಿಂದವಳು ನಾನು. ಸಂಘದವರೆಲ್ಲ ಹುಡುಗಿಗೆ ಶುಭಾಶಯ ಕಳಿಸಿದರು. ಅವಳು ತನ್ನ ಕೋಣೆಯಲ್ಲಿ ಕೂತು ಎಲ್ಲರಿಗೂ ಕೈಮುಗಿದ ಚಿತ್ರ ಕಳಿಸಿದಳು.

ನನಗೆ ಅಕ್ಕನ ಮೇಲೆ ಸಿಟ್ಟು ಬಂತು. ಇಷ್ಟು ವರ್ಷ ಅಕ್ಕ ಹೇಳಿಕೊಂಡು ಬಂದ ಆ ಐದಕ್ಕೆ ಏಳುವವಳನ್ನು ನಾವೆಲ್ಲ ತಮಾಷೆಯಾಗಿ ಕೇಳಿದ್ದೆವು. ಅವಳ ಪಕ್ಕದಲ್ಲಿ ಈ ಜೀವಂತ ಹುಡುಗಿ ಹೇಗೆ ಕೂತು ಊಟ ಮಾಡುತ್ತಿದ್ದಳು ಎಂದು ಯಾರೂ ಯೋಚಿಸಿರಲಿಲ್ಲ. ಏಳು ಭಾಷೆಯ ವೈದ್ಯೆ ಎಲ್ಲಿಂದ ಬಂದಳು ಎಂಬುದು ಆಗ ತಿಳಿಯಿತು. ಇವಳಿಗೆ ಬೇರೆ ಥರದ ಪಾತ್ರವನ್ನು ಯಾರೂ ತೋರಿಸಿಯೇ ಇರಲಿಲ್ಲ.

ಮುಂದಿನ ಭಾನುವಾರ ಎಚ್.ಎಂ. ಟೀಚರ್ ಎಲ್ಲರೆದುರು ಅಕ್ಕನಿಗೆ ಒಂದು ಸಂತೋಷದ ಸುದ್ದಿ ಕೊಟ್ಟರು. ಅವರ ಶಾಲೆಯಲ್ಲಿ ಒಬ್ಬರು ಟೀಚರ್ ಹೆರಿಗೆ ರಜೆ ಹಾಕಿದ್ದಾರೆ. ನಮ್ಮ ಸಂಘದ ವಾರ್ಷಿಕೋತ್ಸವದ ಮರುದಿನ, ಸೋಮವಾರದಿಂದ, ದಿನವೇತನಕ್ಕೆ ಒಬ್ಬರು ಬೇಕು. ಬೇರೆ ಒಬ್ಬಳು ಕೇಳಿದ್ದಾಳೆ, ಆದರೆ ನಿಮ್ಮ ಮಗಳು ಪರೀಕ್ಷೆ ಪಾಸಾಗಿ ಕೂತಿದ್ದಾಳಲ್ಲ, ಅವಳೇ ಬರಲಿ, ಸರ್ಟಿಫಿಕೇಟು ಬಂದಾಗ ತಂದರಾಯಿತು. ಅಕ್ಕ ಕಣ್ಣು ಮಿಟುಕಿಸದೆ ಒಪ್ಪಿಕೊಂಡಳು.

ನಾನು ಮಾರನೆಯ ದಿನವೇ ಬೋವಿಕಾನಕ್ಕೆ ಹೋದೆ. ಅಕ್ಕ ಹಲಸಿನ ಬೇಳೆ ಸುಲಿಯುತ್ತಾ ಕೂತಿದ್ದಳು. ಹುಡುಗಿಯನ್ನು ಸುಳ್ಳಿನ ಮೇಲೆ ದಿನಾ ಕ್ಲಾಸಿನಲ್ಲಿ ನಿಲ್ಲಿಸ್ತೀಯಾ ಎಂದು ಕೇಳಿದೆ.

"ಸುಳ್ಳು ಎಂತದ್ದು ಅದರಲ್ಲಿ?" ಎಂದಳು. "ಬರುವ ಸಲ ಪಾಸಾಗ್ತಾಳೆ. ನಾನು ಸ್ವಲ್ಪ ಮುಂಚೆ ಹೇಳಿದೆ, ಅಷ್ಟೆ."

ಮತ್ತೆ ಸರ್ಟಿಫಿಕೇಟು? ಆಫೀಸಿನಿಂದ ಬರಲಿಲ್ಲ ಎಂದರಾಯಿತು, ಸರಕಾರದ ಕಾಗದ ತಡ ಎಂದರೆ ನಂಬದವರು ಯಾರು ಎಂದು ಆಫೀಸಿನಲ್ಲೇ ಜೀವ ಸವೆಸಿದ ನನ್ನನ್ನು ಕೇಳಿದಳು. ಮಾತಿಗೆ ಮಾತು ಬೆಳೆಯಿತು. ನಿನಗೆ ಮಕ್ಕಳಿಲ್ಲ, ನಿನಗಿದೆಲ್ಲ ಎಲ್ಲಿ ಗೊತ್ತಾಗಬೇಕು ಎಂದುಬಿಟ್ಟಳು. ನಾನು ಚಾ ಕುಡಿಯದೆ ಎದ್ದೆ. ನೋವಾಯಿತು, ಇಲ್ಲ ಎಂದು ಯಾಕೆ ಹೇಳಲಿ. ಸಂಜೆ ಭಾವ ಬದಿಯಡ್ಕಕ್ಕೆ ಬಂದವರು ಸುಲಿದ ಹಲಸಿನ ಬೇಳೆಯ ಒಂದು ಕಟ್ಟು ನನ್ನ ಮನೆಯಲ್ಲಿ ಕೊಟ್ಟು, ಎಂದಿನಂತೆ ಏನೂ ಹೇಳದೆ ಹೋದರು. ಅಕ್ಕ ಕ್ಷಮೆ ಕೇಳುವ ರೀತಿ ಅದು. ಮಾತನ್ನು ಹಿಂದೆ ತೆಗೆದುಕೊಂಡದ್ದೇನೂ ಅಲ್ಲ.

ಎಚ್.ಎಂ. ಟೀಚರಿಗೆ ನಾನೇ ಹೇಳಿಬಿಡುತ್ತೇನೆ ಎಂದು ಹುಡುಗಿಗೆ ಫೋನು ಮಾಡಿದೆ. ಅವಳು ಬೇಡ ಎಂದಳು. ನೀನೇ ಹೇಳು ಹಾಗಾದರೆ ಎಂದೆ.

"ನಾನು ಫೇಲಾದದ್ದನ್ನು ಹೇಳಬಹುದು ಚಿಕ್ಕಮ್ಮ. ಅಮ್ಮ ಸುಳ್ಳು ಹೇಳಿದ್ದು ಅಂತ ಹೇಗೆ ಹೇಳುವುದು?"

ಸೋಮವಾರ ಶಾಲೆಗೆ ಹೋದರೆ ಅಮ್ಮ ಕಟ್ಟಿದ ಹುಡುಗಿಯಾಗಿ ಮಕ್ಕಳ ಮುಂದೆ ನಿಲ್ಲಬೇಕು. ಹೋಗದಿದ್ದರೆ ಇಡೀ ಸಂಘದ ಎದುರು ಅಮ್ಮನ ಮಾನ ಹೋಗಬೇಕು. ಅವಳಿಗೆ ಕೆಲಸ ಬೇಡವಾಗಿತ್ತು ಎಂದಲ್ಲ. ಅವಳಿಗೆ ಬೇಕಾಗಿದ್ದದ್ದು ಅಮ್ಮ ಒಂದು ಸಲ ತನ್ನನ್ನು ಇದ್ದ ಹಾಗೆ ಇವಳು ನನ್ನ ಮಗಳು ಎನ್ನುವುದು. ಇದನ್ನು ಅವಳು ಹೇಳಲಿಲ್ಲ, ಆದರೆ ನಾನು ಕಿವುಡಿಯಲ್ಲ.

ಆ ವಾರ ಅವಳು ಗುಂಪಿನಲ್ಲಿ ತನ್ನ ವೈದ್ಯೆಯನ್ನು ಸೋಲಿಸಿದಳು. ದಂಡಿನಲ್ಲಿ ಒಬ್ಬ ಸೈನಿಕನ ಜ್ವರ ಏನೆಂದು ವೈದ್ಯೆಗೆ ಗೊತ್ತಾಗುವುದಿಲ್ಲ. ಗೊತ್ತಿರುವ ಹಾಗೆ ಮುಖ ಮಾಡಿಕೊಂಡು ಮದ್ದು ಕೊಡುತ್ತಾಳೆ. ಅವನು ಸಾಯುತ್ತಾನೆ. ಅವಳು ಅದನ್ನು ಬಂದು ಹೇಳುತ್ತಾಳೆ. ಬರೆದು ಕಳಿಸಿ, ಇನ್ನು ನನ್ನನ್ನು ಗುಂಪಿನಿಂದ ಹೊರಗೆ ಹಾಕುತ್ತಾರೆ ಎಂದು ಹೆದರಿ ಫೋನು ಕವುಚಿಟ್ಟಳಂತೆ. ಆದದ್ದು ಬೇರೆ. ಇಷ್ಟು ತಿಂಗಳು ವೈದ್ಯೆಯ ಹತ್ತಿರ ಸುಳಿಯದಿದ್ದ ಪಾತ್ರಗಳೆಲ್ಲ ಅವಳ ಡೇರೆಗೆ ಬಂದವು. ಒಬ್ಬಳು ಗಂಜಿ ತಂದಳು. ಸೇನಾಪತಿ ಬೈದ. ಅಡಿಗೆಯ ಮುದುಕಿ ಪಕ್ಕದಲ್ಲಿ ಸುಮ್ಮನೆ ಕೂತಳು. ದುಬೈಯ ಹುಡುಗಿ ಕಥೆಯ ಹೊರಗೆ ಬೇರೆಯಾಗಿ ಬರೆದಳು, ಇವಳ ಜತೆ ಮಾತಾಡಬಹುದು ಎಂದು ಈಗ ಅನಿಸುತ್ತಿದೆ ಅಂತ. ಹುಡುಗಿ ಅದನ್ನು ನನಗೆ ಎರಡೆರಡು ಸಲ ಓದಿ ಹೇಳಿದಳು. ಮುಖ ಕಂಡರಿಯದ ಹುಡುಗಿಯರು ಗಂಜಿ ತಂದಿದ್ದರು. ನನಗೆ ಅಕ್ಕ ಮುಚ್ಚಿದ ಕಿಟಕಿ ನೆನಪಾಗಿ ಇನ್ನಷ್ಟು ಸಿಟ್ಟು ಬಂತು.

ವಾರ್ಷಿಕೋತ್ಸವಕ್ಕೆ ನಮ್ಮ ಸಂಘ ಆರಿಸಿಕೊಂಡದ್ದು ಪುರಾಣದ ಕಥೆಯಲ್ಲ, ಊರಿನವರೇ ಒಬ್ಬರು ಕಟ್ಟಿದ ಹೊಸ ಪ್ರಸಂಗ. ಅದರಲ್ಲಿ ಯುವರಾಜನೊಬ್ಬ ಮೊದಲ ಯುದ್ಧದಲ್ಲಿ ಸೋತು ಮನೆಗೆ ಬರುತ್ತಾನೆ. ರಾಜಮಾತೆ ಅವನ ಸೋಲನ್ನು ಕೇಳಿ, ಧೈರ್ಯ ಹೇಳಿ, ಮತ್ತೆ ಕಳಿಸುತ್ತಾಳೆ. ರಾಜಮಾತೆ ಯಾರೆಂದು ಹೇಳಬೇಕಾಗಿಲ್ಲ, ಅಕ್ಕ ಆ ಪಾತ್ರವನ್ನು ಎರಡು ತಿಂಗಳ ಮೊದಲೇ ಹಿಡಿದು ಕೂತಿದ್ದಳು. ಯುವರಾಜ ಆಗಬೇಕಾದವರಿಗೆ ಆ ವಾರ ಜ್ವರ ಬಂದು ಸ್ವರ ಕೂತುಹೋಯಿತು. ಸೋಲುವ ಪಾತ್ರ ಅಲ್ಲವೇ, ಎಲ್ಲರೂ ನನ್ನನ್ನು ನೋಡಿದರು. ಸಂಜೆ ಹುಡುಗಿ ಫೋನು ಮಾಡಿ, ಯುವರಾಜನನ್ನು ತಾನು ಮಾಡುತ್ತೇನೆ ಎಂದಳು. ಅಕ್ಕನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ನನ್ನ ಮಗಳಿಗೆ ಇದೊಂದು ಬಾಕಿಯಿತ್ತು ಎಂದು ಎಲ್ಲರಿಗೂ ಮೆಸೇಜು ಹಾಕಿದಳು.

ಆ ಭಾನುವಾರ ಹಾಲ್ ತುಂಬಿತ್ತು. ಭಾಗವತರು ಯುವರಾಜನ ಪದ ಎತ್ತಿದರು, ಸೋತು ಬಂದೆನು ತಾಯೇ ಎಂದು ಶುರುವಾಗುವ ಪದ. ಹುಡುಗಿ ಕೈಮುಗಿದು, ಯುದ್ಧದಲ್ಲಿ ತಾನು ಸೋತೆ ಎಂದು ಎರಡೇ ಮಾತಿನಲ್ಲಿ ಹೇಳಿ ಸುಮ್ಮನಾದಳು. ಹೊಸಬಳು, ಹೆದರಿದ್ದಾಳೆ ಎಂದು ಸಭೆ ಕನಿಕರಪಟ್ಟಿತು.

ರಾಜಮಾತೆ ನಕ್ಕಳು. ನೀನು ಸೋಲುವವನಲ್ಲ ಮಗನೇ ಎಂದಳು. ವೈರಿಯ ಮೇಲೆ ದಯೆ ತೋರಿಸಿ ಬಿಟ್ಟು ಬಂದಿರುವೆ, ಚಿಕ್ಕಂದಿನಿಂದಲೂ ನಿನ್ನದು ಮೃದು ಮನಸ್ಸು. ಹೀಗೆ ತನ್ನ ಮಗ ಎಷ್ಟು ಬೇಗ ಏಳುತ್ತಿದ್ದ, ಎಷ್ಟು ಓದುತ್ತಿದ್ದ ಎಂದು ಅಕ್ಕ ತನ್ನ ಎಂದಿನ ದಾರಿ ಹಿಡಿದಳು. ನಮಗೆಲ್ಲ ಆ ದಾರಿ ಬಾಯಿಪಾಠ. ಅದು ಮುಗಿದಾಗ ಯುವರಾಜ ಹೇಳಿದ, ದಯೆಯಲ್ಲ ಅಮ್ಮ, ಸೋತೆ. ಹಾಗಾದರೆ ಕುದುರೆ ಸರಿ ಇರಲಿಲ್ಲ ಎಂದಳು ರಾಜಮಾತೆ. ಕುದುರೆ ಸರಿ ಇತ್ತು. ಮಂತ್ರಿಯ ಪಿತೂರಿ ಇರಬೇಕು. ಮಂತ್ರಿ ಒಳ್ಳೆಯವನು. ಮಳೆ? ಬಿಸಿಲಿತ್ತು ಅಮ್ಮ, ಸೋತೆ. ಸಭೆ ನಗತೊಡಗಿತು. ಪದದಲ್ಲಿ ಸೋತ ಎಂದಿರುವಾಗ ತಾಯಿ ಒಪ್ಪದೆ ಕೂರುವುದನ್ನು ಅವರು ಯಾರೂ ಕೇಳಿದ್ದಿಲ್ಲ. ನಮ್ಮ ಭಾಗವತರು, ಅರ್ಥ ಹೇಳುವವರು ದಾರಿ ತಪ್ಪಿದರೆ ಮಾಡುವ ಹಾಗೆ, ಅದೇ ಸಾಲನ್ನು ಇನ್ನೊಮ್ಮೆ ಹಾಡಿದರು. ಸೋತು ಬಂದೆನು ತಾಯೇ. ಅಕ್ಕ ಇನ್ನೊಂದು ಕಾರಣ ಹುಡುಕಲು ಬಾಯಿ ತೆರೆದಳು.

ಹುಡುಗಿ ಅವಳಿಗಿಂತ ಮೊದಲು ಮಾತಾಡಿದಳು. ದನಿ ಎತ್ತರಿಸಲಿಲ್ಲ.

"ಅಮ್ಮ, ನೀವು ಹೇಳುವ ಆ ಮಗನನ್ನು ನಾನೂ ಕಂಡಿಲ್ಲ. ಅವನು ಬಂದರೆ ಅರಮನೆ ಅವನಿಗಿರಲಿ. ಈ ಸೋತವನು ಎಲ್ಲಿ ಕೂರಬೇಕು, ಅದನ್ನು ಹೇಳಿ."

ನಗು ನಿಂತಿತು. ಮುಂದಿನ ಪದ ಎತ್ತಿ ಅಕ್ಕನನ್ನು ಪಾರು ಮಾಡುವುದು ಭಾಗವತರ ಕೈಯಲ್ಲಿತ್ತು. ಅವರು ತಾಳ ಹಿಡಿದ ಕೈ ಎತ್ತಲಿಲ್ಲ. ಅಕ್ಕ ಮಗಳನ್ನೇ ನೋಡುತ್ತಿದ್ದಳು. ಇಷ್ಟು ವರ್ಷಗಳಲ್ಲಿ ಅವಳು ಮಾತು ಸಿಗದೆ ಕೂತದ್ದನ್ನು ನಾನು ಅವತ್ತೇ ಕಂಡದ್ದು. ಎಷ್ಟೋ ಸಲ ಇವಳ ಬಾಯಿ ಒಮ್ಮೆ ಕಟ್ಟಿಹೋಗಲಿ ಎಂದು ಆಸೆಪಟ್ಟವಳು ನಾನು. ಕಟ್ಟಿಹೋದಾಗ ನನಗೆ ನೋಡಲಾಗಲಿಲ್ಲ. ಆಮೇಲೆ ಅವಳು ಹೇಳಿದಳು, ರಾಜಮಾತೆಯ ಗತ್ತು ಇಲ್ಲದ ದನಿಯಲ್ಲಿ.

"ನೀನು ಗೆದ್ದೆ ಅಂತ ಊರಿಗೆಲ್ಲ ಸಾರಿಬಿಟ್ಟಿದ್ದೇನಲ್ಲ ಮಗನೇ. ಇನ್ನು ನಾನು ಹೊರಗೆ ಹೇಗೆ ಮುಖ ತೋರಿಸಲಿ?"

"ನಾನೂ ಜತೆಗೆ ಬರುತ್ತೇನೆ" ಎಂದಳು ಹುಡುಗಿ. "ಒಬ್ಬರೇ ಹೋಗುವುದು ಬೇಡ."

ಭಾಗವತರು ಮುಂದಿನ ಪದ ಎತ್ತಿದರು. ರಾಜಮಾತೆ ಹೇಗೋ ಧೈರ್ಯ ಹೇಳಿ ಮಗನನ್ನು ಕಳಿಸಿಕೊಟ್ಟಳು. ಉಳಿದ ಯುದ್ಧ ಯಾರು ಗೆದ್ದರೋ ನನಗೆ ನೆನಪಿಲ್ಲ.

ಆದ ಮೇಲೆ ಹಾಲ್‌ನ ಹಿಂದೆ ಚಾ, ಹಿಟ್ಟಿನಲ್ಲಿ ಅದ್ದಿ ಕರಿದ ಜೀಗುಜ್ಜೆ ಪೋಡಿ ಇಟ್ಟಿದ್ದರು. ಎಚ್.ಎಂ. ಟೀಚರ್ ಜನರನ್ನು ಸರಿಸಿಕೊಂಡು ಬಂದು ಅಕ್ಕನ ಎರಡೂ ಕೈ ಹಿಡಿದುಕೊಂಡರು. ಇಂಥ ಅರ್ಥ ತಾನು ಕೇಳಿಯೇ ಇಲ್ಲ ಎಂದರು. ಸೋಲನ್ನು ಒಪ್ಪದ ತಾಯಿ, ಊರಿಗೆ ಹೆದರುವ ತಾಯಿ, ಇದು ಪದದಲ್ಲಿ ಇಲ್ಲವೇ ಇಲ್ಲ, ಎಂಥ ಕಲ್ಪನೆ ನಿಮ್ಮದು, ಅನುಭವವಿಲ್ಲದೆಯೂ ಇಷ್ಟು ಸಹಜವಾಗಿ ಹೇಗೆ ಬಂತು. ಸುತ್ತ ಇದ್ದವರು ಹೌದು ಹೌದು ಎಂದರು. ಅಕ್ಕನ ಅರ್ಥವನ್ನು ಒಬ್ಬರು ಹೊಗಳಿದ್ದು ಅದೇ ಮೊದಲು. ಅವಳ ಮುಖ ಅರಳಿದ್ದನ್ನು ನಾನು ಕಂಡೆ. ಸೆರಗು ಸರಿಮಾಡಿಕೊಂಡಳು. ಮುಗಿಯಿತು, ಇದನ್ನೂ ಡಬ್ಬಿಯಲ್ಲಿ ಹಾಕಿಕೊಂಡು ಮನೆಗೆ ಹೋಗುತ್ತಾಳೆ ಎಂದುಕೊಂಡೆ. ಅಷ್ಟು ಒಳ್ಳೆಯ ಬಾಗಿಲನ್ನು ಯಾರೂ ಅವಳಿಗೆ ತೆರೆದುಕೊಟ್ಟಿರಲಿಲ್ಲ. ಎಲ್ಲವೂ ಅಭಿನಯವಾಗಿ ಮುಗಿದುಹೋಗಬಹುದಿತ್ತು.

ಹುಡುಗಿ ಚಾದ ಗ್ಲಾಸು ಹಿಡಿದು ಗೋಡೆಯ ಹತ್ತಿರ ನಿಂತಿದ್ದಳು. ಅವಳೂ ಅದನ್ನೇ ಅಂದುಕೊಂಡಿರಬೇಕು, ಅಮ್ಮನ ಕಡೆ ನೋಡುವುದನ್ನು ನಿಲ್ಲಿಸಿದ್ದಳು. ಎಚ್.ಎಂ. ಟೀಚರ್ ಅವಳ ಕಡೆ ತಿರುಗಿ, ನಾಳೆ ಒಂಬತ್ತೂವರೆಗೆ ಬಂದುಬಿಡು, ಸರ್ಟಿಫಿಕೇಟು ನಿಧಾನಕ್ಕೆ ತಂದರೂ ಸಾಕು ಎಂದರು.

"ಅವಳು ಬರುವುದಿಲ್ಲ ಟೀಚರೇ" ಎಂದಳು ಅಕ್ಕ.

ಟೀಚರಿಗೆ ಅರ್ಥವಾಗಲಿಲ್ಲ. ಅಕ್ಕ ಅವರ ಕೈಯಿಂದ ತನ್ನ ಕೈ ಬಿಡಿಸಿಕೊಂಡಳು.

"ನಾನು ಕಲ್ಪನೆ ಮಾಡಿ ಹೇಳಿದ್ದಲ್ಲ ಅದು. ಇವಳು ಪಾಸಾಗಲಿಲ್ಲ. ಎರಡು ಸಲ ಬರೆದದ್ದು, ಎರಡು ಸಲವೂ ಇಲ್ಲ. ಇವಳು ನನ್ನಲ್ಲಿ ಅವತ್ತೇ ಬಂದು ಹೇಳಿದ್ದಾಳೆ. ಪಾಸಾದಳು ಅಂತ ಹೇಳಿದ್ದು ನಾನು."

ಪೋಡಿಯ ತಟ್ಟೆಯ ಸುತ್ತ ಇದ್ದವರೆಲ್ಲ ಕೇಳಿಸಿಕೊಂಡರು. ಎಚ್.ಎಂ. ಟೀಚರ್ ಅಕ್ಕನನ್ನು, ಆಮೇಲೆ ಹುಡುಗಿಯನ್ನು ನೋಡಿದರು. ಹಾಗಾದರೆ ಆ ಇನ್ನೊಬ್ಬಳಿಗೆ ಈಗಲೇ ಫೋನು ಮಾಡಬೇಕಾಯಿತು ಎಂದು ಹೇಳಿ, ಬ್ಯಾಗಿನಲ್ಲಿ ಫೋನು ಹುಡುಕುತ್ತಾ ಹೊರಗೆ ಹೋದರು. ಕೋಪವೋ ಅಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಉಳಿದವರು ಪೋಡಿ ತಿನ್ನುವುದರಲ್ಲಿ ಬಹಳ ಗಮನ ಇಟ್ಟರು. ಅಕ್ಕನ ಸುತ್ತ ಜಾಗ ಖಾಲಿಯಾಯಿತು. ಅವಳು ನಡುವೆ ನಿಂತೇ ಇದ್ದಳು. ನಾನು ಎದ್ದು ಹೋಗಬೇಕು ಎನ್ನುವಷ್ಟರಲ್ಲಿ ಮಗಳು ಹೋಗಿದ್ದಳು.

"ಅಮ್ಮ, ಚಾ ಕುಡಿ, ಆರ್ತದೆ" ಎಂದು ತನ್ನ ಗ್ಲಾಸನ್ನೇ ಅವಳ ಕೈಗೆ ಕೊಟ್ಟಳು. ಅಕ್ಕ ಹಿಡಿದುಕೊಂಡಳು. ಗ್ಲಾಸು ವಾಲಿ ಚಾ ಸೆರಗಿನ ಮೇಲೆ ಚೆಲ್ಲಿತು, ಹಾಗಾಗಿ ಮಗಳು ಗ್ಲಾಸನ್ನು ಬಿಡಲಿಲ್ಲ.